ರಕ್ತದಲ್ಲಿ ಪಾಸಿಟಿವ್, ಹೊಟ್ಟೆಯಲ್ಲಿ ಏನೂ ಇಲ್ಲ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಊರು ಕುಂದಾಪುರ ಕಡೆ ಅಂತ ಗೊತ್ತಾದ ಮೇಲೆ ಹೋಟೆಲ್ ಕೆಲಸದ ನಮ್ಮವರು ಹುಡುಕಿಕೊಂಡು ಬರುತ್ತಾರೆ. ಹಾಗೆ ಬಂದವರೇ ಮಾಟುಂಗಾದ ಅಡುಗೆ ಭಟ್ರು. ಕೈಯಲ್ಲಿ ಡಾಕ್ಟರ ಚೀಟಿ: ಪೈಲೊರಿ ಐಜಿಜಿ. ಅಂದರೆ ಹೊಟ್ಟೆಯಲ್ಲಿ ಸೇರಿಕೊಳ್ಳುವ ಪೈಲೊರಿ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಯನ್ನು ರಕ್ತದಲ್ಲಿ ಹುಡುಕುವ ಟೆಸ್ಟ್. ವರ್ಷಗಟ್ಟಲೆ ಹೊಟ್ಟೆ ಉರಿ, 'ಗ್ಯಾಸ್' ಅಂದುಕೊಂಡು ಮಾತ್ರೆ ನುಂಗಿದ್ದೇ ನುಂಗಿದ್ದು.

ಈ ಟೆಸ್ಟ್ ಮಾಡೋದು ನನಗೆ ಇಷ್ಟ. ರಕ್ತದ ಸೀರಮ್, ಅಂದರೆ ತಿಳಿ ಭಾಗ, ಬೇರೆ ಮಾಡಿ, ತೆಳು ಮಾಡಿ, ತೊಂಬತ್ತಾರು ಗುಂಡಿಗಳ ಪ್ಲೇಟ್‌ಗೆ ಹಾಕುತ್ತೇವೆ. ಗುಂಡಿಯ ತಳದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೊರಿಯ ಪ್ರೊಟೀನ್ ಅಂಟಿಸಿರುತ್ತಾರೆ. ರಕ್ತದಲ್ಲಿ ಅದರ ವಿರುದ್ಧ ಆ್ಯಂಟಿಬಾಡಿ ಇದ್ದರೆ ಅದಕ್ಕೆ ಕಚ್ಚಿಕೊಳ್ಳುತ್ತದೆ. ತೊಳೆಯೋದೇ ಮುಖ್ಯ. ಸರಿಯಾಗಿ ತೊಳೆಯದಿದ್ದರೆ ಎಲ್ಲ ಗುಂಡಿಯೂ ಬಣ್ಣ ಬಂದು ಕೂರುತ್ತವೆ. ಕೊನೆಗೆ ಆ್ಯಂಟಿಬಾಡಿ ಕಚ್ಚಿಕೊಂಡ ಗುಂಡಿಯಲ್ಲಿ ನೀಲಿ ಏರುತ್ತದೆ, ಆಸಿಡ್ ಹಾಕಿದ ಕೂಡಲೇ ಹಳದಿ. ಆ ಹಳದಿ ಎಷ್ಟು ಗಾಢ ಅಂತ ಮಷೀನ್ 450 ನ್ಯಾನೋಮೀಟರ್‌ನಲ್ಲಿ ಅಳೆಯುತ್ತದೆ. ಭಟ್ರ ಗುಂಡಿ ಅರಿಶಿನ ಕದಡಿದ ಹಾಗಿತ್ತು. ಪಾಸಿಟಿವ್.

ಡಾಕ್ಟರು ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ಎರಡು ಆ್ಯಂಟಿಬಯೋಟಿಕ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ. ಭಟ್ರು ಒಂದೂ ತಪ್ಪಿಸಲಿಲ್ಲ, ಉರಿಯೂ ಇಳಿಯಿತು. ಮೂರು ತಿಂಗಳ ಮೇಲೆ ತಾವಾಗಿಯೇ ಬಂದು ಮತ್ತೆ ರಕ್ತ ಕೊಟ್ಟರು. ಮತ್ತೆ ಹಳದಿ.

ನಾನು ಏನಂದೆ ಗೊತ್ತಾ? "ಇನ್ನೂ ಹೋಗಿಲ್ಲ ಭಟ್ರೇ." ಅವರ ಮುಖ ಬಾಡಿತು. ಅದೇ ಮಾತ್ರೆಯ ಇನ್ನೊಂದು ಕೋರ್ಸ್ ಮೆಡಿಕಲ್‌ನಿಂದ ತಗೊಳ್ಳೋಕೆ ಹೊರಟೇ ಬಿಟ್ಟರು.

ಸಂಜೆ ನಮ್ಮ ಪೆಥಾಲಜಿಸ್ಟ್ ರಿಪೋರ್ಟ್‌ಗೆ ಸಹಿ ಹಾಕುವಾಗ ಹಳೆಯದನ್ನೂ ನೋಡಿ ಬೈದರು. ಬ್ಯಾಕ್ಟೀರಿಯಾ ಸತ್ತರೂ ಆ್ಯಂಟಿಬಾಡಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಬಾಡಿಗೆಯವನು ಖಾಲಿ ಮಾಡಿ ಹೋದರೂ ಬಾಗಿಲಲ್ಲಿ ಹೆಸರಿನ ಬೋರ್ಡು ಇರುತ್ತದಲ್ಲ, ಹಾಗೆ. ಔಷಧ ಕೆಲಸ ಮಾಡಿತಾ ಅಂತ ತಿಳಿಯೋಕೆ ಈ ಟೆಸ್ಟ್ ಆಗೋದಿಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೌಂಟರ್‌ನಲ್ಲಿ ನೆನಪಾಗಲಿಲ್ಲ, ಅಷ್ಟೇ.

ರಾತ್ರಿಯೇ ಫೋನ್ ಮಾಡಿ ತಪ್ಪಾಯ್ತು ಅಂದೆ, ಮಾತ್ರೆ ತಗೋಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ ಅಂದೆ. ಡಾಕ್ಟರು ಬರೆದದ್ದು ಮಲದ ಆ್ಯಂಟಿಜೆನ್ ಟೆಸ್ಟ್. ಇದು ಆ್ಯಂಟಿಬಾಡಿಯನ್ನಲ್ಲ, ಬ್ಯಾಕ್ಟೀರಿಯಾದ ಪ್ರೊಟೀನನ್ನೇ ಹುಡುಕುತ್ತದೆ. ಉಸಿರಿನ ಯೂರಿಯಾ ಟೆಸ್ಟ್ ಕೂಡ ಆಗುತ್ತದೆ, ಆದರೆ ನಮ್ಮಲ್ಲಿ ಆ ಮಷೀನ್ ಇಲ್ಲ. ಎರಡಕ್ಕೂ ಆಸಿಡ್ ಮಾತ್ರೆ ಎರಡು ವಾರ ನಿಲ್ಲಿಸಿರಬೇಕು, ಆ್ಯಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲ ಅನ್ನಿಸಬಹುದು. ರಕ್ತದ ಟೆಸ್ಟ್‌ಗೆ ಮಾತ್ರ ಈ ತೊಂದರೆ ಇಲ್ಲ. ಹಾಗಾಗಿ ಅದು ಪೂರ್ತಿ ದಂಡ ಅಂತ ನಾನು ಹೇಳೋದಿಲ್ಲ.

ಭಟ್ರು ಸ್ಯಾಂಪಲ್ ತಂದದ್ದು ಉಪ್ಪಿನಕಾಯಿ ಬಾಟಲಿಯಲ್ಲಿ! ವಾಪಸ್ ಕಳಿಸಿ, ನಮ್ಮದೇ ಡಬ್ಬಿ ಕೊಟ್ಟೆ. ಮರುದಿನ ಟೆಸ್ಟ್ ಪಟ್ಟಿಯ ಕ್ಯಾಸೆಟ್ ಮೇಲೆ, ಟೆಸ್ಟ್ ಸರಿಯಾಗಿ ನಡೆದಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಒಂದೇ ಬಂತು. ನೆಗೆಟಿವ್.

ಈಗ ಯಾರೇ ಪೈಲೊರಿ ರಕ್ತ ಅಂತ ಬಂದರೂ ಸೂಜಿ ಎತ್ತುವ ಮೊದಲು ಕೇಳುತ್ತೇನೆ: "ಇದಕ್ಕೆ ಮೊದಲು ಮಾತ್ರೆ ತಗೊಂಡಿದ್ರಾ?" ಹೌದು ಅಂದರೆ ಡಾಕ್ಟರಿಗೆ ಫೋನ್. ಭಟ್ರು ಮಾತ್ರ ಹೋಗುವಾಗ ತೋಳು ಮಡಚಿಯೇ ಕೇಳಿದ್ದರು, "ಮತ್ತೆ ರಕ್ತ ಯಾವಾಗ ಕೊಡ್ಬೇಕು ತಂಗಿ?"

"ಕೊಡ್ಬೇಡಿ ಮಾರಾಯ್ರೇ" ಅಂದೆ.