ಚೌತಿ ಕಡುಬು: ಮಕ್ಕಳ ಕೈಗೂ ಒಂದು ಉಂಡೆ ಕೊಡಿ

ಚೌತಿಗೆ ಕಡುಬು ಮಾಡುವಾಗ ಮಕ್ಕಳನ್ನು ಅಡುಗೆಮನೆಯಿಂದ ಓಡಿಸಬೇಡಿ, ಒಂದೊಂದು ಉಂಡೆ ಹಿಟ್ಟು ಕೊಟ್ಟು ಕೂರಿಸಿ. ಹಿಟ್ಟು ಮಾತ್ರ ಹದವಾಗಿರಬೇಕು: 1 ಲೋಟ ನೀರಿಗೆ ಚಿಟಿಕೆ ಉಪ್ಪು, ಚಮಚ ಎಣ್ಣೆ ಹಾಕಿ, ಕುದಿ ಬಂದಾಗ 1 ಲೋಟ ಅಕ್ಕಿ ಹಿಟ್ಟು ಸುರಿದು ಕಲಕಿ, ಒಲೆ ಆರಿಸಿ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಎಣ್ಣೆ ಸವರಿಕೊಂಡು ನಾದಿ. ಪೂರ್ತಿ ಆರಿದರೆ ಅಂಚು ಬಿರಿಯುತ್ತೆ. ಒದ್ದೆ ಬಟ್ಟೆ ಹೊದಿಸಿಡಿ. ಕಾಯಿ-ಬೆಲ್ಲದ ಹೂರಣ ಗಟ್ಟಿ ಇರಲಿ, ಇಲ್ಲದಿದ್ದರೆ ಹಬೆಯಲ್ಲಿ ಸೋರುತ್ತೆ.

ಇಲಿ, ಮೀನು, ಮೂರು ಕಿವಿಯ ಆನೆ, ಏನಾದರೂ ಮಾಡಲಿ, ದಪ್ಪ ಮಾತ್ರ ಬೇಡ. ಬಾಳೆಎಲೆ ಮೇಲಿಟ್ಟು 10-12 ನಿಮಿಷ ಬೇಯಿಸಿ. ನೈವೇದ್ಯದ್ದು ಮೊದಲೇ ಎತ್ತಿಡಿ, ಇವರು ಕಚ್ಚಿ ನೋಡದೆ ಬಿಡೋರಲ್ಲ! ಮಿಕ್ಕ ಹಿಟ್ಟಿಗೆ ಉದ್ದಿನಬೇಳೆಯ ಖಾರದ ಹೂರಣ ತುಂಬಿ.