ಸೆಂಟ್ರಿಫ್ಯೂಜ್ ಪೂರ್ತಿ ವೇಗಕ್ಕೆ ಬರುವವರೆಗೂ ನಾನು ಕದಲುವುದಿಲ್ಲ

ಸೆಂಟ್ರಿಫ್ಯೂಜ್ ಅಂದರೆ ಟ್ಯೂಬುಗಳನ್ನು ಜೋರಾಗಿ ತಿರುಗಿಸಿ ದ್ರವದೊಳಗಿನ ಭಾಗಗಳನ್ನು ಬೇರ್ಪಡಿಸುವ ಯಂತ್ರ. ಮುಚ್ಚಳ ಹಾಕಿ ಬಟನ್ ಒತ್ತಿದರೆ ಅದರ ಕೆಲಸ ಮುಗಿಯಿತು ಅಂತ ಲ್ಯಾಬಿಗೆ ಹೊಸದಾಗಿ ಬಂದವರಿಗೆ ಅನ್ನಿಸುತ್ತದೆ. ನನ್ನ ಹೆಚ್ಚಿನ ಸಮಯ ಹೋಗುವುದು ಬಟನ್ ಒತ್ತುವ ಮೊದಲೇ, ತೂಕ ಸರಿದೂಗಿಸುವುದರಲ್ಲಿ.

ಎದುರುಬದುರು ಇಡುವ ಟ್ಯೂಬುಗಳನ್ನು ನಾನು ಕಣ್ಣಳತೆಯಲ್ಲಿ ಬಿಡುವುದಿಲ್ಲ. ತಕ್ಕಡಿಯಲ್ಲಿಟ್ಟು ತೂಗುತ್ತೇನೆ, ಮುಚ್ಚಳ ಸಮೇತ. 10 ಮಿಲಿ ನೀರು ಸುಮಾರು 10 ಗ್ರಾಂ ತೂಗುತ್ತದೆ, ಅಷ್ಟೇ ರಕ್ತ ಸುಮಾರು 10.6 ಗ್ರಾಂ. ಮಟ್ಟ ನೋಡಿದರೆ ಎರಡೂ ಒಂದೇ, ಅಲ್ವಾ? ಆದರೆ 1000 ಜಿ ಬಲದಲ್ಲಿ, ಅಂದರೆ ಭೂಮಿಯ ಗುರುತ್ವದ ಸಾವಿರ ಪಟ್ಟು ಬಲದಲ್ಲಿ ತಿರುಗುವಾಗ, ಆ 0.6 ಗ್ರಾಂ ವ್ಯತ್ಯಾಸ 600 ಗ್ರಾಂ ಭಾರದಂತೆ ರೋಟರನ್ನು (ಟ್ಯೂಬುಗಳನ್ನು ಹಿಡಿದು ತಿರುಗುವ ಭಾಗ) ಒಂದೇ ಕಡೆ ಎಳೆಯುತ್ತದೆ. ಅದಕ್ಕೇ ಜೋಡಿ ಟ್ಯೂಬಿನಲ್ಲಿ ಆದಷ್ಟು ಅದೇ ಬಗೆಯ ದ್ರವ ಹಾಕುತ್ತೇನೆ.

ಟ್ಯೂಬುಗಳು ಮೂರೇ ಇದ್ದರೂ ಗಾಬರಿ ಬೇಡ. 6, 12 ಅಥವಾ 24 ತೂತಿನ ರೋಟರಿನಲ್ಲಿ ಒಂದೇ ತೂಕದ ಮೂರನ್ನು ಸಮ ಅಂತರದಲ್ಲಿ, ತ್ರಿಕೋನದ ಹಾಗೆ ಇಡಬಹುದು. ತೂಗಾಡುವ ಬಕೆಟ್ ಇರುವ ರೋಟರಿನಲ್ಲಾದರೆ ಖಾಲಿ ಬಕೆಟುಗಳನ್ನೂ ತೆಗೆಯದೆ ಅವವುಗಳ ಜಾಗದಲ್ಲೇ ಸಿಕ್ಕಿಸುತ್ತೇನೆ. ಬಿರುಕು ಬಿಟ್ಟ ಟ್ಯೂಬು ನೇರ ಕಸಕ್ಕೆ.

ವೇಗದ ವಿಷಯದಲ್ಲಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಂದನ್ನೇ ನಂಬಬಾರದು. 10 ಸೆಂ.ಮೀ. ತ್ರಿಜ್ಯದ ರೋಟರ್ 3000 ಆರ್‌ಪಿಎಂನಲ್ಲಿ ಸುಮಾರು 1000 ಜಿ ಬಲ ಕೊಡುತ್ತದೆ. ವೇಗ 6000 ಮಾಡಿದರೆ ಬಲ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟನ್ನು ಟ್ಯೂಬು ತಡೆಯುತ್ತದೆಯೇ ಅಂತ ಮೊದಲೇ ನೋಡಿಕೊಳ್ಳುತ್ತೇನೆ.

ಬಟನ್ ಒತ್ತಿದ ಮೇಲೆ ಯಂತ್ರ ನಾನಿಟ್ಟ ವೇಗ ಮುಟ್ಟುವವರೆಗೂ ಅಲ್ಲೇ ನಿಲ್ಲುತ್ತೇನೆ. ಯಾರಾದರೂ ಕರೆದರೂ ‘ಒಂದ್ನಿಮಿಷ’ ಅನ್ನುತ್ತೇನೆ. ತೂಕದ ತಪ್ಪು ಸಾಮಾನ್ಯವಾಗಿ ಗೊತ್ತಾಗುವುದೇ ವೇಗ ಏರುವಾಗ. ಸದ್ದು ಬದಲಾದರೆ, ಮೇಜು ನಡುಗಿದರೆ ತಕ್ಷಣ ಸ್ಟಾಪ್. ಯಂತ್ರವನ್ನು ಕೈಯಿಂದ ಒತ್ತಿ ಹಿಡಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಗಿಯಾಗುತ್ತಿದೆ ಅಂತ ಮುಚ್ಚಳದ ಲಾಕ್ ಕೆಲಸ ಮಾಡದಂತೆ ಟೇಪ್ ಅಂಟಿಸುವುದಂತೂ ಬೇಡವೇ ಬೇಡ. ತಿರುಗುವ ರೋಟರಿಗೂ ನಿಮ್ಮ ಬೆರಳಿಗೂ ಮಧ್ಯೆ ಇರುವುದು ಆ ಲಾಕ್ ಮಾತ್ರ.

ಒಳಗೆ ಟ್ಯೂಬು ಒಡೆದ ಅನುಮಾನ ಬಂದರೆ ಯಂತ್ರ ನಿಲ್ಲಿಸಿ, 30 ನಿಮಿಷ ಮುಚ್ಚಳ ತೆಗೆಯುವುದಿಲ್ಲ. ರಕ್ತದಂಥ ಮಾದರಿಯ ಸಣ್ಣ ಹನಿಗಳು ಗಾಳಿಯಲ್ಲಿ ತೇಲುತ್ತಿರುತ್ತವೆ, ಅವು ಕೆಳಗಿಳಿಯಬೇಕು. ಆಮೇಲೆ ದಪ್ಪ ಕೈಗವಸು ಹಾಕಿ, ಗಾಜಿನ ಚೂರುಗಳನ್ನು ಚಿಮುಟದಿಂದ ಎತ್ತುತ್ತೇನೆ.

ಅಲ್ಯೂಮಿನಿಯಂ ರೋಟರಿಗೆ ಬ್ಲೀಚ್ ತಾಗಿಸುವುದಿಲ್ಲ, ಉಪ್ಪಿನ ದ್ರಾವಣ ಚೆಲ್ಲಿದರೂ ಆಗಲೇ ತೊಳೆಯುತ್ತೇನೆ. ಎರಡೂ ಲೋಹವನ್ನು ತಿನ್ನುತ್ತವೆ, ಆ ಸಣ್ಣ ಗುಳಿಯಿಂದಲೇ ಬಿರುಕು ಶುರುವಾಗಬಹುದು. ಮೃದುವಾದ ಸೋಪು, ಡಿಸ್ಟಿಲ್ಡ್ ನೀರು ಸಾಕು. ತೊಳೆದ ಮೇಲೆ ರೋಟರನ್ನು ಬೋರಲು ಹಾಕಿ ಒಣಗಿಸುತ್ತೇನೆ.