ಅರವತ್ತರ ದಶಕದ ಹಾಡುಗಳನ್ನು ತಟ್ಟೆಯಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಬಗೆ

ಬೀಟಲ್ಸ್, ಕಿಂಕ್ಸ್, ಸುಪ್ರೀಮ್ಸ್, ಬೀಚ್ ಬಾಯ್ಸ್ ಮೊದಲಾದ ಅರವತ್ತರ ದಶಕದ ಬ್ರಿಟನ್ ಅಮೆರಿಕಗಳ ಪಾಪ್ ತಂಡಗಳ ಹಾಡುಗಳು ಇಂದು ಯಾರ ಮೊಬೈಲಿನಲ್ಲಿ ಬೇಕಾದರೂ ಸಿಗುತ್ತವೆ. ಹಾಗಿದ್ದೂ ಏಳಂಗುಲದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ತಂದು, ತೊಳೆದು, ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸವನ್ನು ನಾನು ಬಿಟ್ಟಿಲ್ಲ. ಇಂದು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಆ ಹಾಡುಗಳ ಸ್ಟೀರಿಯೊ ರೂಪ, ಎಂದರೆ ಎಡ ಬಲ ಕಿವಿಗಳಿಗೆ ಬೇರೆ ಬೇರೆ ಧ್ವನಿ ಕೊಡುವ ರೂಪ. ಆ ದಶಕದ ಹೆಚ್ಚಿನ ವರ್ಷಗಳಲ್ಲಿ ಜನ ರೇಡಿಯೊದಲ್ಲಿ ಕೇಳಿ, ಅಂಗಡಿಗೆ ಹೋಗಿ ಕೊಂಡದ್ದು ಮೊನೊ (ಎರಡೂ ಕಿವಿಗೆ ಒಂದೇ ಧ್ವನಿಯ) ಸಿಂಗಲ್‌ಗಳನ್ನು, ಎಂದರೆ ಬದಿಗೊಂದು ಹಾಡಿರುವ ಸಣ್ಣ ತಟ್ಟೆಗಳನ್ನು. ಕಲಾವಿದರೂ ಧ್ವನಿಮುದ್ರಣ ತಂತ್ರಜ್ಞರೂ ಗಂಟೆಗಟ್ಟಲೆ ಕುಳಿತು ಹದಗೊಳಿಸಿದ್ದು ಆ ಮೊನೊ ರೂಪವನ್ನೇ.

ಬೀಟಲ್ಸರ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ ಲಂಡನ್ನಿನ ಅಬ್ಬಿ ರೋಡಿನ ಇಎಂಐ ಸ್ಟುಡಿಯೊದಲ್ಲಿ ಮುದ್ರಣಗೊಂಡವು. ಅಂದು ಬಳಸಿದ ಟೇಪಿನಲ್ಲಿ ಇದ್ದದ್ದು ಧ್ವನಿಯನ್ನು ಬೇರೆ ಬೇರೆಯಾಗಿ ಹಿಡಿಯುವ ಎರಡೇ ಟ್ರ್ಯಾಕು: ಒಂದರಲ್ಲಿ ಹೆಚ್ಚಾಗಿ ವಾದ್ಯಗಳು, ಇನ್ನೊಂದರಲ್ಲಿ ಕಂಠಗಳು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಉದ್ದೇಶ ಇವೆರಡನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಮೊನೊ ಮಾಡುವುದಾಗಿತ್ತು. ಬೆರೆಸದೆ ಆ ಎರಡು ಟ್ರ್ಯಾಕುಗಳನ್ನೇ ಸ್ಟೀರಿಯೊ ಎಂದು ಹರಡಿದಾಗ ಹಾಡುವವರು ಒಂದು ಕಿವಿಗೂ ಬಾರಿಸುವವರು ಮತ್ತೊಂದು ಕಿವಿಗೂ ಪಾಲಾದರು. ಹೆಡ್‌ಫೋನಿನಲ್ಲಿ ಅದನ್ನು ಕೇಳಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವರಂತೂ ಕಾರಿನ ರೇಡಿಯೊದಲ್ಲಿ ಹೇಗೆ ಕೇಳಿಸೀತು ಎಂಬುದನ್ನು ಅರಿಯಲು ತಮ್ಮ ಹಾಡುಗಳನ್ನು ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿದ್ದರು. 1964 ಮತ್ತು 1965ರಲ್ಲಿ ಸುಪ್ರೀಮ್ಸ್ ತಂಡದ ಐದು ಸಿಂಗಲ್‌ಗಳು ಒಂದರ ಹಿಂದೊಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದರ ಹಿಂದೆ ಈ ಎಚ್ಚರಿಕೆಯ ಪಾಲೂ ಇದೆ.

ನನ್ನ ಸಂಗ್ರಹದ ತಟ್ಟೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ದಂಡು ಪ್ರದೇಶದ ಹಳೆಯ ಮನೆಗಳಿಂದ ಗುಜರಿ ಸೇರಿದ ಸಾಮಾನುಗಳ ನಡುವೆ ಸಿಕ್ಕವು. ಇವುಗಳಲ್ಲಿ ಹಲವು ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದವು. ಅರವತ್ತರ ದಶಕ ಆರಂಭವಾಗುವ ಹೊತ್ತಿಗೆ ಬ್ರಿಟನ್ನಿನಲ್ಲಿ ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳ ಕಾಲ ಮುಗಿದುಹೋಗಿದ್ದರೂ, ವಿದ್ಯುತ್ತಿಲ್ಲದೆ ಕೀಲಿ ಕೊಟ್ಟು ನುಡಿಸುವ ಗ್ರಾಮಫೋನುಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿದ್ದುದರಿಂದ, ದಮ್‌ದಮ್‌ನಲ್ಲಿ ಬೀಟಲ್ಸರ ಹಾಡುಗಳೂ ಪಾರ್ಲೊಫೋನ್ ಲೇಬಲ್ಲಿನಡಿ 78 ಸುತ್ತಿನಲ್ಲಿ ಹೊರಬಂದವು. ಪ್ರಪಂಚದ ಸಂಗ್ರಾಹಕರು ಇಂದು ಇವುಗಳ ಬೆನ್ನು ಹತ್ತಿರುವುದರಿಂದ ಬೆಲೆ ನನ್ನಂಥವರ ಕೈಗೆಟುಕುವುದಿಲ್ಲ. ನಾನು ಇಳಿಸಿಕೊಂಡಿರುವ ಅಂಥ ತಟ್ಟೆಗಳು ಸ್ನೇಹಿತರಿಂದ ಎರವಲು ತಂದವು.

ತೊಳೆಯುವ ಮುನ್ನ ತಟ್ಟೆ ಯಾವುದರಿಂದ ಮಾಡಿದ್ದು ಎಂದು ತಿಳಿಯಲೇಬೇಕು. ವಿನೈಲ್ ತಟ್ಟೆಯಾದರೆ ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ ಮೆತ್ತನೆಯ ಬ್ರಷ್ಷಿನಿಂದ ಗೆರೆಗುಂಟ ಉಜ್ಜಬಹುದು. ಮಳೆಗಾಲದಲ್ಲಿ ಹಿಡಿದ ಬೂಷ್ಟು ಇದರಿಂದ ಬಹುಮಟ್ಟಿಗೆ ಹೋಗುತ್ತದೆ. ಅರಗಿನ ತಟ್ಟೆಗೆ ಆಲ್ಕೊಹಾಲ್ ಸೋಕಿಸಲೇಬಾರದು, ಏಕೆಂದರೆ ಅರಗು ಅದರಲ್ಲಿ ಕರಗಿ ಹಾಡೇ ತೊಳೆದುಹೋಗುತ್ತದೆ. ಅದಕ್ಕೆ ಬರಿಯ ನೀರು, ಒಂದು ಹನಿ ಸೌಮ್ಯವಾದ ಸಾಬೂನು ಸಾಕು. ಯಾವ ತಟ್ಟೆಯೇ ಆಗಲಿ, ಲೇಬಲ್ ನೆನೆಯದಂತೆ ನೋಡಿಕೊಂಡು ಕೂಡಲೇ ಒರೆಸಿ ನೆರಳಿನಲ್ಲಿ ಒಣಗಿಸುತ್ತೇನೆ.

ತಟ್ಟೆಯ ಗೆರೆಯಲ್ಲಿ ಓಡಿ ನಾದವನ್ನು ಎತ್ತುವ ಮುಳ್ಳಿನ ಆಯ್ಕೆಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೀರಿಯೊ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. ಆ ಕಾಲದ ಮೊನೊ ತಟ್ಟೆಗಳಿಗೆ ಸುಮಾರು 25 ಮೈಕ್ರಾನಿನದು, 78 ಸುತ್ತಿನವಕ್ಕೆ 65ರಿಂದ 75 ಮೈಕ್ರಾನಿನದು ಸರಿಹೊಂದುತ್ತದೆ. ಹಿಂದಿನ ಮಾಲೀಕರು ಭಾರದ ಮುಳ್ಳಿನಿಂದ ನೂರಾರು ಸಲ ನುಡಿಸಿ ಸವೆಸಿದ ತಟ್ಟೆಯಲ್ಲೂ ಸವೆತವಿರುವುದು ಗೆರೆಯ ಗೋಡೆಯ ಒಂದು ಮಟ್ಟದಲ್ಲಿ ಮಾತ್ರ. ಬೇರೆ ಗಾತ್ರದ ಮುಳ್ಳು ಅದರ ಮೇಲೋ ಕೆಳಗೋ ಕುಳಿತರೆ, ಕೆಟ್ಟೇಹೋಯಿತು ಎಂದುಕೊಂಡಿದ್ದ ತಟ್ಟೆಯೂ ಆಶ್ಚರ್ಯವಾಗುವಷ್ಟು ಚೆನ್ನಾಗಿ ಹಾಡುತ್ತದೆ. ಮೊನೊ ತಟ್ಟೆಯಲ್ಲಿ ಸಂಗೀತವಿರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ, ಧೂಳು ಮತ್ತು ಸವೆತದ ಸದ್ದು ಮೇಲೆ ಕೆಳಗಿನ ಚಲನೆಯಲ್ಲೂ ಸೇರಿಕೊಂಡಿರುತ್ತದೆ. ಆದ್ದರಿಂದ ಎಡ ಬಲದ ಎರಡೂ ಚಾನೆಲ್‌ಗಳನ್ನು ಕೂಡಿಸಿದೊಡನೆ ಸದ್ದಿನ ಒಂದು ದೊಡ್ಡ ಪಾಲು ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲದೆ ಅಳಿಸಿಹೋಗುತ್ತದೆ.

ತಟ್ಟೆ ತಿರುಗುವ ವೇಗವನ್ನು ಸ್ಟ್ರೋಬ್ ತಟ್ಟೆಯಿಟ್ಟು ಪರೀಕ್ಷಿಸುತ್ತೇನೆ; ವೇಗ ಸರಿಯಿದ್ದರೆ ವಿದ್ಯುದ್ದೀಪದ ಕೆಳಗೆ ಅದರ ಗೆರೆಗಳು ನಿಂತಂತೆ ಕಾಣುತ್ತವೆ. ಅಮೆರಿಕದಿಂದ ತರಿಸಿದ ಸ್ಟ್ರೋಬ್ ಅಲ್ಲಿಯ 60 ಹರ್ಟ್ಸ್ ವಿದ್ಯುತ್ತಿಗೆ ಮುದ್ರಿಸಿದ್ದು. ನಮ್ಮ 50 ಹರ್ಟ್ಸ್ ದೀಪದ ಕೆಳಗೆ ಅದನ್ನು ನಂಬಬಾರದು. ವೇಗ ಸರಿಯಿದ್ದರೂ ಕೆಲವೊಮ್ಮೆ ಅನುಮಾನ ಉಳಿಯುತ್ತದೆ. ಬೀಟಲ್ಸರ 1967ರ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಮ್ಮಿನ ಮೊನೊ ಪ್ರತಿಯಲ್ಲಿ ‘ಶೀ ಈಸ್ ಲೀವಿಂಗ್ ಹೋಮ್’ ಹಾಡು ಸ್ಟೀರಿಯೊ ಪ್ರತಿಗಿಂತ ವೇಗವಾಗಿಯೂ ಸುಮಾರು ಅರ್ಧ ಸ್ವರದಷ್ಟು ಎತ್ತರದಲ್ಲಿಯೂ ಇದೆ. ಸ್ಟೀರಿಯೊಗೆ ಒಗ್ಗಿದ ಕಿವಿ ಟರ್ನ್‌ಟೇಬಲ್ಲನ್ನೇ ದೂರುತ್ತದೆ, ಆದರೆ ತಂಡದವರ ಸಮ್ಮುಖದಲ್ಲಿ ಸಿದ್ಧವಾದದ್ದು ಆ ಮೊನೊ. ಇಂಥ ಕಡೆ ಏನನ್ನೂ ತಿದ್ದದೆ ತಟ್ಟೆ ಹೇಳಿದಂತೆಯೇ ಇಳಿಸಿಕೊಳ್ಳುತ್ತೇನೆ.

ಕಂಪ್ಯೂಟರಿಗೆ ಇಳಿಸುವ ಧ್ವನಿಮಟ್ಟವನ್ನು ಮೊದಲ ಕೆಲವು ಸೆಕೆಂಡು ಕೇಳಿ ನಿರ್ಧರಿಸಲಾಗದು. ಬೀಟಲ್ಸರ 1966ರ ‘ಪೇಪರ್‌ಬ್ಯಾಕ್ ರೈಟರ್’ ಸಿಂಗಲ್ಲಿಗಾಗಿ ಅಬ್ಬಿ ರೋಡಿನವರು ಒಂದು ಸ್ಪೀಕರನ್ನೇ ಮೈಕಿನಂತೆ ಬಳಸಿ ಪಾಲ್ ಮೆಕಾರ್ಟ್ನಿಯವರ ಬಾಸ್ ಗಿಟಾರನ್ನು ಹಿಡಿದರು. ಬಾಸ್ ಜಾಸ್ತಿಯಾದರೆ ಗ್ರಾಹಕರ ಮನೆಯಲ್ಲಿ ಮುಳ್ಳು ಗೆರೆ ಬಿಟ್ಟು ಹಾರೀತೆಂಬ ಕಂಪನಿಯ ಹಳೆಯ ಅಂಜಿಕೆಯನ್ನು ಬದಿಗಿಟ್ಟು, ತಟ್ಟೆಯನ್ನೂ ಎಂದಿಗಿಂತ ಜೋರಾಗಿ ಕೊರೆದರು. ಅದಕ್ಕಿಂತ ಹಿಂದಿನ ಸಿಂಗಲ್ಲಿಗೆ ಹೊಂದಿಸಿದ್ದ ಮಟ್ಟದಲ್ಲೇ ಇದನ್ನು ಇಳಿಸಿದರೆ ಧ್ವನಿ ಒಡೆಯುವ ಸಂಭವ ಹೆಚ್ಚು. 24 ಬಿಟ್, 96 ಕಿಲೊಹರ್ಟ್ಸ್‌ನಷ್ಟು ಸೂಕ್ಷ್ಮವಾಗಿ ಇಳಿಸುವಾಗ ಜೋರಾದ ಧ್ವನಿಗೆಂದು ಮೇಲೆ ಧಾರಾಳವಾಗಿ ಜಾಗ ಬಿಟ್ಟರೂ ನಷ್ಟವೇನಿಲ್ಲ.

ಆಮೇಲಿನದು ಸದ್ದು ತೆಗೆಯುವ ಕೆಲಸ. ಈಗಿನ ಸಾಫ್ಟ್‌ವೇರುಗಳು ಚಟಪಟ ಸದ್ದನ್ನು ಒಂದೇ ಒತ್ತಿನಲ್ಲಿ ಅಳಿಸಿಬಿಡುತ್ತವೆ. ಅರವತ್ತರ ದಶಕದ ಹಾಡುಗಳಲ್ಲಿ ಅಪಾಯವಿರುವುದು ಅಲ್ಲಿಯೇ, ಏಕೆಂದರೆ ಆ ಕಾಲದವರು ಗದ್ದಲವನ್ನು ಬೇಕೆಂದೇ ಹಾಡಿನೊಳಗೆ ತಂದರು. ಟೊರ್ನಾಡೋಸ್ ತಂಡದ ‘ಟೆಲ್‌ಸ್ಟಾರ್’ 1962ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಮೊದಲ ಸ್ಥಾನ ಪಡೆಯಿತು. ಲಂಡನ್ನಿನ ಹಾಲೊವೇ ರಸ್ತೆಯ ಚರ್ಮದ ಸಾಮಾನಿನ ಅಂಗಡಿಯೊಂದರ ಮಹಡಿಯಲ್ಲಿ ಸ್ಟುಡಿಯೊ ಹೂಡಿದ್ದ ನಿರ್ಮಾಪಕ ಜೋ ಮೀಕ್ ಅದರ ಮೊದಲಿಗೆ ರಾಕೆಟ್ ಏಳುವಂಥ ಮೊರೆತವನ್ನು ಇಟ್ಟಿದ್ದಾರೆ. ಸಾಫ್ಟ್‌ವೇರಿಗೆ ಅದು ಬರಿಯ ಟರ್ನ್‌ಟೇಬಲ್ಲಿನ ಗುಡುಗು. 1964ರ ‘ಯು ರಿಯಲಿ ಗಾಟ್ ಮಿ’ ಹಾಡಿಗಾಗಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಆ ಹರಕು ನಾದವನ್ನು ತರಿಸಿಕೊಂಡರು. ಅದೇ ವರ್ಷದ ಬೀಟಲ್ಸರ ‘ಐ ಫೀಲ್ ಫೈನ್’ ಗಿಟಾರಿನ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದೇ ಗಿಟಾರಿಗೆ ಮರಳಿ ಬಂದು ಏಳುವ) ಕೊರೆತದಿಂದಲೇ ಶುರುವಾಗುತ್ತದೆ. ಇವನ್ನೆಲ್ಲ ದೋಷವೆಂದು ಬಗೆದು ಯಂತ್ರ ಸವರಿಹಾಕಿದರೆ, ಉಳಿಯುವುದು ಹಬ್ಬದ ಮಾರನೆಯ ದಿನದ ಪಾಯಸದಂತೆ ಸಪ್ಪೆ. ಹಾಗಾಗಿ ನಾನು ದೊಡ್ಡ ಗೀರುಗಳನ್ನು ಮಾತ್ರ ಒಂದೊಂದಾಗಿ ಗುರುತಿಸಿ ಕೈಯಿಂದಲೇ ತೆಗೆಯುತ್ತೇನೆ. ಹಾಡುಗಳ ನಡುವಿನ ತೆಳುವಾದ ಸುಯ್ಯೆನ್ನುವ ಸದ್ದಿಗೆ ಕೈ ಹಾಕುವುದೇ ಇಲ್ಲ, ಅದನ್ನು ಒರೆಸಲು ಹೋದರೆ ಸಿಂಬಲ್ಲಿನ ಹೊಳಪೂ ಹೋಗುತ್ತದೆ.

ಬೀಚ್ ಬಾಯ್ಸ್ ತಂಡದ ‘ಗುಡ್ ವೈಬ್ರೇಷನ್ಸ್’ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಬಲಗಿವಿ ಬಹುಮಟ್ಟಿಗೆ ಕೇಳಿಸದಿದ್ದ ಆ ತಂಡದ ಬ್ರಯಾನ್ ವಿಲ್ಸನ್ ಅದನ್ನು 1966ರಲ್ಲಿ ತಿಂಗಳುಗಟ್ಟಲೆ, ಲಾಸ್ ಏಂಜಲಿಸ್‌ನ ಹಲವು ಸ್ಟುಡಿಯೊಗಳಲ್ಲಿ ತುಂಡುತುಂಡಾಗಿ ಮುದ್ರಿಸಿ, ಟೇಪನ್ನು ಕತ್ತರಿಸಿ ಜೋಡಿಸಿದರು. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ ಕೋಣೆಯ ಗುಂಗೇ ಬದಲಾಗುತ್ತದೆ. ಆ ಬೆಸುಗೆಗಳನ್ನು ನಯಗೊಳಿಸುವುದು ನನ್ನ ಕೆಲಸವಲ್ಲ.

ಪ್ರತಿ ಹಾಡಿಗೂ ಎರಡು ಫೈಲುಗಳನ್ನು ಇಡುತ್ತೇನೆ: ಏನೂ ಮುಟ್ಟದ ಒಂದು, ಗೀರು ತೆಗೆದ ಇನ್ನೊಂದು. ಜೊತೆಗೆ ತಟ್ಟೆಯ ಸಂಖ್ಯೆ, ಲೇಬಲ್ಲಿನ ಸುತ್ತಲ ನುಣುಪಾದ ಜಾಗದಲ್ಲಿ ಕೆತ್ತಿದ ಅಕ್ಷರಗಳು, ಬಳಸಿದ ಮುಳ್ಳು, ಹಾಡಿನ ಅವಧಿ ಇವನ್ನೆಲ್ಲ ಬರೆದಿಡುತ್ತೇನೆ. ಅವಧಿಯನ್ನು ಮಾತ್ರ ಲೇಬಲ್ ನೋಡಿ ಬರೆಯುವುದಿಲ್ಲ, ಅಳೆದೇ ಬರೆಯುತ್ತೇನೆ. 1964ರಲ್ಲಿ ರೈಟಿಯಸ್ ಬ್ರದರ್ಸ್ ಹಾಡಿದ ‘ಯೂ ಹ್ಯಾವ್ ಲಾಸ್ಟ್ ದಟ್ ಲವಿನ್ ಫೀಲಿನ್’ ಹಾಡು 3 ನಿಮಿಷ 45 ಸೆಕೆಂಡಿನಷ್ಟು ಉದ್ದವಿದೆ. ಇಷ್ಟುದ್ದದ ಹಾಡನ್ನು ರೇಡಿಯೊದವರು ಹಾಕಲಾರರೆಂದು ನಿರ್ಮಾಪಕ ಫಿಲ್ ಸ್ಪೆಕ್ಟರ್ ಲೇಬಲ್ಲಿನ ಮೇಲೆ 3 ನಿಮಿಷ 5 ಸೆಕೆಂಡು ಎಂದು ಅಚ್ಚು ಹಾಕಿಸಿದರು. ನನ್ನ ಪಟ್ಟಿಯಲ್ಲಿ ಆ ಹಾಡಿನ ಎದುರು ಎರಡೂ ಅಂಕಿಗಳಿವೆ.